ಚಿಲುಮೆ ಇದ್ದ ದ್ವೀಪ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮಗೆ ಸಮುದ್ರ ಅಂದ್ರೆ ಟ್ರಿಪ್ಪು. ಬಸ್ ಮಾಡ್ಕೊಂಡು ಹೋಗೋದು, ಅಲೆಯಲ್ಲಿ ನೆನೆಯೋದು, ಮೀನೂಟ ಹೊಡೆದು ವಾಪಸ್ ಬರೋದು. ದ್ವೀಪ ಅಂದ್ರೆ ಮಲ್ಪೆಯ ಸೇಂಟ್ ಮೇರೀಸ್, ಅಷ್ಟೇ. ಆದರೆ ಈ ಸಲ ಕಾರವಾರಕ್ಕೆ ಹೋಗಿ ಬಂದ ಮೇಲೆ ನಾವು ತುಂಬಾ ದಿನ ಮಾತಾಡಿದ್ದು ಕಾಲಿಡೋಕೂ ಆಗದ ಒಂದು ದ್ವೀಪದ ಬಗ್ಗೆ.

ಅದರ ಹೆಸರು ಅಂಜುದೀವ್. ಕಾರವಾರದ ಬಿಣಗಾ ಕಡೆಯ ತೀರಕ್ಕೆ ಹತ್ತಿರದಲ್ಲೇ ಇದೆ, ಆದರೆ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು. ವಿಸ್ತೀರ್ಣ ಹೆಚ್ಚೂಕಡಿಮೆ ಒಂದೂವರೆ ಚದರ ಕಿಲೋಮೀಟರ್. ಇಷ್ಟು ಚಿಕ್ಕ ಜಾಗಕ್ಕೆ ಇಷ್ಟೊಂದು ಚರಿತ್ರೆ ಹೇಗೆ ಬಂತು ಅಂತ ನೋಡಿದರೆ ಮುಖ್ಯ ಕಾರಣ ಸಿಹಿನೀರು. ನಮ್ಮ ನಾಮದ ಚಿಲುಮೆ ನೋಡಿದ್ದೀರಲ್ಲ, ಹಾಗೆ ಉಪ್ಪುಸಮುದ್ರದ ನಡುವೆ ಅಲ್ಲಿ ಕುಡಿಯುವ ನೀರಿನ ಚಿಲುಮೆಗಳಿದ್ದವು.

1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುಂಚೆ ಇಲ್ಲಿ ನಿಂತು ಹಡಗು ರಿಪೇರಿ ಮಾಡಿಸಿ ನೀರು ತುಂಬಿಸಿಕೊಂಡ. 1505ರಲ್ಲಿ ಅಲ್ಮೇಡಾ ಕೋಟೆ ಶುರು ಮಾಡಿದ. ಸ್ವಲ್ಪ ಸಮಯದಲ್ಲೇ ಪೋರ್ಚುಗೀಸರೇ ಅದನ್ನು ಬಿಟ್ಟುಹೋದರು. 1662ರಲ್ಲಿ ಬೊಂಬಾಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಿಗೆ ಅದು ಸಿಗಲಿಲ್ಲ. ಅವರು ಇಲ್ಲಿ ಬಂದು ಕಾಯುತ್ತಾ ಕೂತರು. ಬಹುಪಾಲು ಜನ ರೋಗರುಜಿನದಲ್ಲಿ ಸತ್ತರು, ಅವರ ನಾಯಕ ಶಿಪ್‌ಮನ್ ಕೂಡ. 1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಕೋಟೆ ಕಟ್ಟಿದರು.

ಇದೆಲ್ಲಾ ಬಂದು ಹೋದವರ ಕಥೆ. ಉಳಿದವರ ಕಥೆ ಬೇರೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ಯುದ್ಧದ ಭಯಕ್ಕೆ ಕೆನರಾ ಕರಾವಳಿಯ ಕ್ರೈಸ್ತರೂ ಹಿಂದೂಗಳೂ ಇಲ್ಲಿ ಆಶ್ರಯ ಪಡೆದರು. ಕೋಟೆಯೊಳಗೆ ಒಂದು ಊರು ಬೆಳೆಯಿತು. ಅಲ್ಲಿನ ಚರ್ಚಿನ ಮಾತೆಯ ಹೆಸರೇ 'ಚಿಲುಮೆಗಳ ಮಾತೆ'. ಕಾಲ ಕಳೆದಂತೆ ಜನ ಕಡಿಮೆಯಾದರು, ಆದರೂ ಹಬ್ಬಕ್ಕೆ ದೋಣಿ ಕಟ್ಟಿಕೊಂಡು ಬರುತ್ತಿದ್ದರು.

1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ವೇಳೆ ಈ ದ್ವೀಪವನ್ನು ಗೆಲ್ಲಲು ಹೋದ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. 1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಯಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ, ಗದ್ದೆ ಬಿಟ್ಟವು. ಅಂಜುದೀವ್ ಈಗ ನೆಲೆಯ ಭಾಗ, ಹೊರಗಿನವರು ಹೋಗುವಂತಿಲ್ಲ. ಅಲೆತಡೆಗೋಡೆ ಅದನ್ನು ದಡಕ್ಕೇ ಜೋಡಿಸಿದೆ. ಸಿವಿಲ್ ಓದುವ ನಾವು ಮೊದಲು ಬೆರಗಾಗಿದ್ದು ಆ ಗೋಡೆಗೇ.

ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಬ್ಬಕ್ಕೆ ಬರುತ್ತಿದ್ದವರ ಮೊಮ್ಮಕ್ಕಳು ಈಗ ಆ ಚರ್ಚನ್ನು ದಡದಿಂದ ಹುಡುಕಬೇಕು ಅನ್ನೋದೂ ಅಷ್ಟೇ ನಿಜ.

ಇದು ದೂರದ ಕರಾವಳಿಯ ಮಾತು ಅನ್ಕೋಬೇಡಿ. ಹಾಸನದ ಶೆಟ್ಟಿಹಳ್ಳಿ ಚರ್ಚಿನ ಮುಂದೆ ನಮ್ಮಲ್ಲಿ ಯಾರು ಫೋಟೋ ತೆಗೆಸಿಕೊಂಡಿಲ್ಲ ಹೇಳಿ? ಮಳೆಗಾಲದಲ್ಲಿ ಅದು ಮುಳುಗೋದು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ. ಅಲ್ಲಿ ಹಳ್ಳಿಗಳಿದ್ದವು, ಜನ ಎದ್ದು ಹೋದರು. ಅದೇ ಹೇಮಾವತಿ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರಿ ತುಮಕೂರಿನ ನಲ್ಲಿಗಳಲ್ಲಿ ಬರುತ್ತೆ. ಆ ನೀರಿನಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಅಂತ ಗುಬ್ಬಿಯವರೂ ಕುಣಿಗಲ್‌ನವರೂ ಹಾಸ್ಟೆಲಿನಲ್ಲೇ ಜಗಳ ಆಡ್ತೀವಿ. ಊರು ಬಿಟ್ಟವರ ಹೆಸರು ಮಾತ್ರ ಆ ಜಗಳದಲ್ಲಿ ಒಮ್ಮೆಯೂ ಬಂದಿಲ್ಲ.

ನಾಳೆ ನಮ್ಮಲ್ಲೇ ಕೆಲವರು ಅಣೆಕಟ್ಟು, ಬಂದರುಗಳ ನಕ್ಷೆ ಬರೆಯುವವರು. ನಕ್ಷೆಯಲ್ಲಿ ಖಾಲಿ ಜಾಗ ಕಂಡಾಗ, ಅಲ್ಲಿ ಯಾರ ಬಾವಿ ಇದೆ, ಯಾರ ಹಬ್ಬ ನಡೆಯುತ್ತೆ ಅಂತ ಒಮ್ಮೆ ಹೋಗಿ ಕೇಳೋಣ. ಅದಕ್ಕೆ ಒಂದು ದಿನ ಹೆಚ್ಚು ಹಿಡಿದರೂ ಪರವಾಗಿಲ್ಲ.