ಕಾರ್ ಮಾಡ್ಕಂಡ್ ಬಂದವರು

ಕುಂದಾಪುರದ ಕಡೆ ಕಾರು ಇಟ್ಟುಕೊಂಡವರಿಗಿಂತ ಕಾರು ಮಾಡಿಕೊಂಡು ಹೋಗುವವರೇ ಹೆಚ್ಚಿದ್ದ ಕಾಲ ಬಹಳ ಹಿಂದಿನದೇನಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಊರೊಳಗೆ ಬರುತ್ತಿದ್ದುದು ಪೇಟೆ ಸ್ಟ್ಯಾಂಡಿನ ಬಾಡಿಗೆ ಅಂಬಾಸಿಡರ್. ಗದ್ದೆಯಂಚಿನ ಮಣ್ಣು ದಾರಿಯಲ್ಲಿ ಅದು ಕಂಡರೆ ಕಾರಣ ಎರಡೇ: ಮದುವೆ, ಇಲ್ಲವೇ ಮಣಿಪಾಲದ ಆಸ್ಪತ್ರೆ. ಬೈಂದೂರಿನಿಂದ ಮಣಿಪಾಲಕ್ಕೆ 70 ಕಿ.ಮೀ. ಆಸುಪಾಸು. ಹಿಂದಿನ ಸೀಟಿನಲ್ಲಿ ಬಸುರಿ, ಅವಳ ಕಾಲ ಬಳಿ ಮುದುಡಿ ಕೂತ ಅಬ್ಬಿ, ಅಂದರೆ ತಾಯಿ. ಮುಂದಿನ ಉದ್ದ ಸೀಟಿನಲ್ಲಿ ಗಂಡಸರು ಒತ್ತೊತ್ತಾಗಿ ಕೂತರೆ, ಡ್ರೈವರ್ ಬಾಗಿಲಿಗೆ ಅಂಟಿಕೊಂಡೇ ಸ್ಟೇರಿಂಗ್ ಪಕ್ಕದ ಗೇರ್ ಎಳೆಯುತ್ತಿದ್ದ. ಬಾಡಿಗೆ ಕೆಲವೊಮ್ಮೆ ಭತ್ತದ ಕೊಯ್ಲು ಮುಗಿದ ಮೇಲೆ ಸಂದಾಯವಾಗುತ್ತಿತ್ತು.

ಸ್ವಂತ ಕಾರು ಬೇರೆಯೇ ಜಾತಿ. ಧನಿಗಳ ಮನೆಯ ಫಿಯೆಟ್ ಓಡಿದ್ದಕ್ಕಿಂತ ಒರೆಸಿಕೊಂಡಿದ್ದೇ ಹೆಚ್ಚು. ತೊಂಬತ್ತರ ದಶಕದಲ್ಲಿ ಆ ಗತ್ತು ಬೊಂಬಾಯಿ ಹೋಟೆಲಿನವರ ಪಾಲಾಯಿತು. ಮೇ ತಿಂಗಳಿಗೆ ಎಂಎಚ್ ನಂಬರಿನ ಕಾರುಗಳು ಇಳಿಯುತ್ತಿದ್ದವು. ಆನೆಗುಡ್ಡೆ, ಮಾರಣಕಟ್ಟೆ, ಕೊಲ್ಲೂರು ದೇವಸ್ಥಾನ ಸುತ್ತಿ, ಹರಕೆಯ ಯಕ್ಷಗಾನ ಆಟ ಆಡಿಸಿ ವಾಪಸು. ಬಸ್ಸಿನಲ್ಲಿ ಬರುವ ಹೋಟೆಲ್ ಮಾಲೀಕನ ವ್ಯಾಪಾರದ ಬಗ್ಗೆ ಊರಿಗೆ ಆಗಲೇ ಅನುಮಾನ. ಅವನ ತಂಗಿಯ ಮದುವೆ ಮಾತುಕತೆಗೂ ಅದು ತಾಗುತ್ತಿತ್ತು. ಹಾಗಾಗಿ ಸಾಲ ಮಾಡಿ ಕಾರು ತಂದವರನ್ನು ನಾನು ಬಯ್ಯಲಾರೆ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಮೇಷ್ಟ್ರು, ಬ್ಯಾಂಕಿನವರು ಕಾರಿನ ಆಸೆ ಇಟ್ಟುಕೊಳ್ಳಲು ಧೈರ್ಯ ಮಾಡಿದ್ದು ಅದರಿಂದ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ನಿಜವಾಗಿ ದುಡಿದದ್ದು ಮರುವರ್ಷ ಬಂದ ಮಾರುತಿ ವ್ಯಾನು, ಅಂದರೆ ಓಮ್ನಿ. ಮಕರ ಸಂಕ್ರಾಂತಿಗೆ ಹೆಮ್ಮಾಡಿಯ ಸೇವಂತಿಗೆ ಮಾರಣಕಟ್ಟೆಗೆ ಹೋದದ್ದು ಅದರಲ್ಲಿ. ಮೀನು, ಶಾಲೆ ಮಕ್ಕಳು, ಅಡಿಗೆಯವರ ಕೊಪ್ಪರಿಗೆ, ನಡುರಾತ್ರಿಯ ರೋಗಿ ಎಲ್ಲವೂ ಅದರಲ್ಲೇ. ಒಳಗೆ ಕೂತರೆ ಬಂಗಡೆ ವಾಸನೆ, ಮೇಲಿಂದ ಸೇವಂತಿಗೆ ವಾಸನೆ. 2019ರಲ್ಲಿ ಕಂಪನಿ ಅದರ ತಯಾರಿ ನಿಲ್ಲಿಸಿದಾಗ ಯಾರೂ ಪಟಾಕಿ ಹೊಡೆಯಲಿಲ್ಲ, ಅಳಲೂ ಇಲ್ಲ. ಇದ್ದದ್ದನ್ನೇ ವೆಲ್ಡಿಂಗ್ ಮಾಡಿಸಿ ಓಡಿಸಿದರು.

ಈಗ ಹೆದ್ದಾರಿ ಚತುಷ್ಪಥ. ಸಭಾಭವನದಲ್ಲಿ ಕೈಕುಲುಕುವ ಮೊದಲೇ ಪ್ರಶ್ನೆ: "ಬಸ್ಸಗೆ ಬಂದದ್ದಾ, ಕಾರಗೆ ಬಂದದ್ದಾ?" ಬ್ರಹ್ಮಾವರ ಪೇಟೆಯಲ್ಲಿ ಕಾರಿನವ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಬಸ್ಸಿಳಿದವ ತರಕಾರಿ ಕಟ್ಟಿಸಿಕೊಂಡು ಹೊರಟಿರುತ್ತಾನೆ. ಆದರೂ ಅಂಗಳದಲ್ಲಿ ಕಾರಿಲ್ಲದ ಮನೆ ಹುಡುಕಬೇಕು.

ಬೈಂದೂರು ಕಡೆಯ ಒಂದು ಮನೆ. ಮಗ ಬೆಂಗಳೂರಿನಲ್ಲಿ, ಕಾರು ಟಾರ್ಪಾಲಿನಡಿಯಲ್ಲಿ. ಫೋನಿನಲ್ಲಿ ಅವನದು ಒಂದೇ ಮಾತು: "ಅಪ್ಪಯ್ಯ, ವಾರಕ್ಕೊಂದ್ ಸಲ ಸ್ಟಾರ್ಟ್ ಮಾಡಿ." "ಮಾಡ್ತೆ ಮಗಾ." ಅಪ್ಪಯ್ಯನಿಗೆ ಕೀಲಿ ತಿರುಗಿಸಲು ಬರುತ್ತದೆ, ಅಷ್ಟೇ. ಆಸಾಡಿ ಮಳೆಗೆ ಬ್ಯಾಟರಿ ಇಳಿಯಿತು, ಇಲಿ ವೈರು ತಿಂದಿತು, ಉಪ್ಪುಗಾಳಿಗೆ ಬಾಗಿಲಿನಡಿ ತುಕ್ಕು. ಒಂದು ರಾತ್ರಿ ಎದೆನೋವು ಬಂದಾಗ ಅವರನ್ನು ಆಸ್ಪತ್ರೆ ಮುಟ್ಟಿಸಿದ್ದು ಕೆಳಮನೆಯವನ ಹಳೇ ಓಮ್ನಿ.

ಊರಿನ ಅಂಗಳದಲ್ಲಿ ಕಾರು ನಿಲ್ಲಿಸಿ ಹೋಗುವವರು ಹೋಗುವ ಮೊದಲು ಕೆಳಮನೆಯವನಿಗೊಂದು ಕೀಲಿಯನ್ನೂ, ಅವನ ನಂಬರನ್ನು ದಪ್ಪಕ್ಷರದಲ್ಲಿ ಗೋಡೆಯ ಮೇಲೂ ಬಿಟ್ಟು ಹೋಗಿ.