ಹಿಡಿಯಬೇಡ, ಎತ್ತು!

ಆಟಿ ತಿಂಗಳ ಜಡಿಮಳೆಗೆ ಬಚ್ಚಲೊಲೆಯ ಮುಂದೆ ಕೂತರೆ ನಮ್ಮ ಮನೆಯಲ್ಲಿ ಹಲಸಿನ ಬೀಜವೂ ವಾಲಿಬಾಲಿನ ಸುದ್ದಿಯೂ ಒಟ್ಟಿಗೇ ಹೊರಬೀಳುತ್ತವೆ. ಅಣ್ಣ ಹಳೇ ಟೂರ್ನಮೆಂಟುಗಳ ಕಥೆ ಬಿಚ್ಚುತ್ತಾನೆ. ನನ್ನ ಸರದಿ ಬಂದಾಗ ನಾನು ಹೇಳುವುದು ತಂಗಿಯ ಮಗಳು ಆಟ ಕಲಿತ ಬೇಸಿಗೆಯದು.

ಅದಕ್ಕೆ ಮೊದಲು ನಾವು ಕಲಿತದ್ದು ಹೇಗೆಂದು ಕೇಳಿ. ಸುಳ್ಯದ ಕಡೆಯ ನಮ್ಮೂರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಎರಡು ಅಡಕೆ ಮರದ ಕಂಬ ನೆಟ್ಟು ನೆಟ್ ಬಿಗಿಯುತ್ತಿದ್ದರು. ಚಿಕ್ಕ ಹುಡುಗರಿಗೆ ಒಂದೇ ಕೆಲಸ, ತೋಟಕ್ಕೆ ಹಾರಿದ ಚೆಂಡು ತರುವುದು. ತೋಡಿಗೆ ಬಿದ್ದರೆ ಇಳಿದು, ತೆಗೆದು, ಅಂಗಿಗೆ ಒರೆಸಿ ಕೊಡಬೇಕು. ಯಾರಾದರೂ ಬಾರದ ದಿನ ನಮ್ಮನ್ನು ಒಳಗೆ ಕರೆಯುತ್ತಿದ್ದರು. ಆಗಲೂ ಅಪ್ಪಣೆ ಏನು? "ಹಿಂದೆ ಸುಮ್ಮನೆ ನಿಲ್ಲು ಮಾರಾಯ, ಚೆಂಡು ಬಂದರೆ ಬಿಡು." ಹಾಗೆ ಬಿಡುತ್ತ ಬಿಡುತ್ತ, ಒಂದೆರಡು ಸ್ಮ್ಯಾಶ್ ಮೂಗಿಗೆ ತಿನ್ನುತ್ತ ನಾವು ಆಟಗಾರರಾದೆವು. ಹುಡುಗಿಯರಿಗೆ ಗದ್ದೆಯ ಹುಣಿಯ ಮೇಲೆ ನಿಂತು ನೋಡುವುದು ಬಿಟ್ಟರೆ ಅಷ್ಟೂ ಇರಲಿಲ್ಲ.

ತಂಗಿಯ ಮನೆ ಮಂಗಳೂರಿನಲ್ಲಿ. ಮಗಳಿಗೆ ಆಗ ಹತ್ತು ವರ್ಷ. ಏಪ್ರಿಲ್ ರಜೆಯಲ್ಲಿ ಮೊಬೈಲು ಬಿಡಿಸಲಿಕ್ಕೆ ಏನಾದರೂ ಬೇಕಿತ್ತು, ಬೇಸಿಗೆ ಶಿಬಿರಕ್ಕೆ ಸೇರಿಸಿದರು. ಬೆಳಿಗ್ಗೆ ಸ್ಕೂಟರಿನಲ್ಲಿ ಬಿಡುವ ಕೆಲಸ ನನ್ನದು. ಬಿಟ್ಟು ಬರುವುದು ಬಿಟ್ಟು ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ.

ಮೊದಲ ದಿನವೇ ತಮಾಷೆ. ಕೋಚ್ ಮೇಡಂ ಮೆತ್ತಗೆ ಚೆಂಡು ಹಾಕಿದರು, ಇವಳು ಗಪ್ಪನೆ ಹಿಡಿದು ಎದೆಗೆ ಅವುಚಿಕೊಂಡಳು. ಮತ್ತೆ ಹಾಕಿದರು, ಮತ್ತೆ ಹಿಡಿದಳು. ಪಕ್ಕದ ಹುಡುಗಿಯೂ ಹಾಗೇ. ಕಾರಣ ತ್ರೋಬಾಲ್! ನಮ್ಮ ಶಾಲೆಗಳಲ್ಲಿ ಹುಡುಗಿಯರ ಕೈಗೆ ಮೊದಲು ಸಿಗುವ ಆಟ ಅದು. ಅಲ್ಲಿ ಹಿಡಿದು ಮೂರು ಸೆಕೆಂಡಿನೊಳಗೆ ಎಸೆಯಬೇಕು, ಇಲ್ಲಿ ಹಿಡಿದರೆ ತಪ್ಪು. ಮೇಡಂ ಬೈಯಲಿಲ್ಲ. ಚೀಲದಿಂದ ಬಲೂನು ತೆಗೆದು ಊದಿ ಎಲ್ಲರಿಗೂ ಒಂದೊಂದು ಕೊಟ್ಟರು. "ಹಿಡಿಯಬೇಡ, ಎತ್ತು. ನೆಲಕ್ಕೆ ಬೀಳಬಾರದು, ಅಷ್ಟೇ." ಬಲೂನನ್ನು ಹಿಡಿಯುವುದರಲ್ಲಿ ಏನೂ ಮಜಾ ಇಲ್ಲವಲ್ಲ, ಮಕ್ಕಳು ತಾವಾಗಿಯೇ ಎತ್ತತೊಡಗಿದರು. ನಾನು ಕಟ್ಟೆಯ ಮೇಲೆ, ಇದೆಂಥ ವಾಲಿಬಾಲ್ ಅಂತ ಗೊಣಗಿಕೊಂಡೆ.

ಆಮೇಲೆ ಚೆಂಡು ಬಂತು, ಅದೂ ಮಕ್ಕಳದ್ದೇ. ದೊಡ್ಡವರ ಚೆಂಡು 260ರಿಂದ 280 ಗ್ರಾಂ ತೂಗುತ್ತದೆ, ಇದು 200ರ ಆಸುಪಾಸು. ನೆಟ್ಟೂ ಅಷ್ಟೇ, ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24, ಇಲ್ಲಿ ಎರಡು ಮೀಟರಿಗೆ ಇಳಿಸಿ ಕಟ್ಟಿದ್ದರು. ಕೋರ್ಟನ್ನು ಅಡ್ಡಡ್ಡ ಸೀಳಿ ಚಿಕ್ಕದು ಮಾಡಿ, ಒಂದೊಂದು ಕಡೆಗೆ ನಾಲ್ವರಂತೆ ಆಟ. ಆರು ಮಂದಿ ನಿಂತರೆ ಹಿಂದಿನ ಮೂಲೆಯ ಮಗುವಿಗೆ ಅರ್ಧ ಗಂಟೆಯಾದರೂ ಚೆಂಡು ಸಿಗದು. ಗದ್ದೆಯಲ್ಲಿ ಹಿಂದೆ ನಿಂತ ನನಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಡರ್‌ಹ್ಯಾಂಡಿಗೇ ಹೆಚ್ಚು ದಿನ ಹಿಡಿಯಿತು. ಒಂದು ಅಂಗೈ ಇನ್ನೊಂದರ ಮೇಲಿಟ್ಟು, ಎರಡು ಹೆಬ್ಬೆರಳನ್ನೂ ಜೋಡಿಸಿ ನೆಲದತ್ತ ಬಾಗಿಸಬೇಕು. ಆಗ ಮೊಣಕೈ ತಾನಾಗಿ ಬಿಗಿಯುತ್ತದೆ. ಚೆಂಡು ಬೀಳಬೇಕಾದ್ದು ಮಣಿಕಟ್ಟಿನಿಂದ ತುಸು ಮೇಲೆ, ಮಾಂಸವಿರುವ ಕಡೆ. ಮಣಿಕಟ್ಟಿನ ಮೂಳೆಗೆ ಬಿದ್ದರೆ ನೋವು, ಚೆಂಡೂ ದಿಕ್ಕು ತಪ್ಪುತ್ತದೆ. ಕೈ ಬೀಸಬಾರದು, ಮೊಣಕಾಲು ಬಗ್ಗಿಸಿ ಕಾಲಿನಿಂದ ಎತ್ತಬೇಕು. ರಾತ್ರಿ ಊಟಕ್ಕೆ ಕೂತಾಗ ಹುಡುಗಿಯ ಕೈಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ತಂಗಿ ಗಾಬರಿಯಾಗಿ ತೆಂಗಿನೆಣ್ಣೆ ಹಚ್ಚಿದಳು. ಇವಳೋ ಎರಡೂ ಕೈ ದೀಪಕ್ಕೆ ಹಿಡಿದು ಚುಕ್ಕೆಗಳ ಜಾಗ ನೋಡಿದಳು. "ಇವತ್ತು ಸರಿಯಾದ ಕಡೆ ಬಿದ್ದಿದೆ ಮಾವ."

ಮಕ್ಕಳಿಗಿಂತ ಅಪ್ಪಂದಿರಿಗೆ ಅವಸರ. "ಸ್ಮ್ಯಾಶ್ ಯಾವಾಗ ಮೇಡಂ?" ಅಂತ ಒಬ್ಬರು ದಿನಾ ಕೇಳುತ್ತಿದ್ದರು. "ಮೊದಲು ಚೆಂಡು ಮೇಲೆ ಹೋಗಲಿ ಸಾರ್, ಆಮೇಲೆ ಕೆಳಗೆ ಹೊಡೆಯೋಣ" ಎಂದರು ಮೇಡಂ. ಆ ಹೆಂಗಸು ಮಾತಾಡುತ್ತಿದ್ದುದೇ ಕಮ್ಮಿ, ಆಡಿದರೆ ಹೀಗೆ. ಒಮ್ಮೆ ನೆರಳಲ್ಲಿ ಮಕ್ಕಳನ್ನು ಕೂರಿಸಿಕೊಂಡು, 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದ ಕಥೆ ಹೇಳಿದರು. ಬಾಸ್ಕೆಟ್‌ಬಾಲಿನ ಓಟ, ತಳ್ಳಾಟ ಕಷ್ಟವಾದ ನಡುವಯಸ್ಸಿನವರಿಗಾಗಿ ಕಟ್ಟಿದ್ದಂತೆ. ನನ್ನ ಸೊಸೆ ಕಟ್ಟೆಯ ಕಡೆ ಕೈ ತೋರಿಸಿದಳು: "ಹಾಗಾದ್ರೆ ಇದು ನಮ್ಮ ಮಾವನ ಆಟ!" ನಕ್ಕವರಲ್ಲಿ ಮೇಡಮ್ಮೂ ಇದ್ದರು.

ಮೇ ತಿಂಗಳಲ್ಲಿ ಊರಿಗೆ ಹೋದೆವು. ಸಂಜೆ ಗದ್ದೆಯಲ್ಲಿ ಆಟ ನಡೆದಿತ್ತು, ನಮ್ಮ ಕಡೆಗೆ ಒಬ್ಬ ಕಮ್ಮಿ. ನಾನು ಇವಳನ್ನು ಹಿಂದಿನ ಸಾಲಿಗೆ ನಿಲ್ಲಿಸಿದೆ. ಅಣ್ಣ ಹಳೇ ಅಭ್ಯಾಸದಲ್ಲಿ "ಬಂದರೆ ಬಿಡು ಮಗಾ" ಅಂದ. ಎದುರಿನವರು ಮಗುವೆಂದು ಮೆತ್ತಗೆ ಸರ್ವಿಸ್ ಹಾಕಿದರು. ಇವಳು ಎರಡು ಹೆಜ್ಜೆ ಸರಿದಳು, ಮೊಣಕಾಲು ಬಗ್ಗಿಸಿದಳು. ದೊಡ್ಡವರ ಚೆಂಡು, ಭಾರ. ಆದರೂ ನೆಟ್ಟಗೆ ಎದ್ದು ಲಿಫ್ಟರಿನ ತಲೆಯ ಮೇಲೆ ಬಂತು. ಅವನೋ ಅದು ಬರುತ್ತದೆಂದು ಎಣಿಸಿರಲೇ ಇಲ್ಲ, ತಡವರಿಸಿ ಎತ್ತಿಕೊಡುವಾಗ ಭುಜ ನೆಟ್ಟಿಗೆ ತಾಗಿತು. ಅಣ್ಣ ಸ್ಮ್ಯಾಶ್ ಹೊಡೆದ, ಚೆಂಡು ಆಚೆ ಬಿತ್ತು. "ನೆಟ್ ಟಚ್!" ಅಂತ ಅವರು, "ಎಲ್ಲಿ ಟಚ್? ಗಾಳಿ!" ಅಂತ ಇವರು. ಗಲಾಟೆ ಎದ್ದಿತು. ಗದ್ದೆಯಲ್ಲಿ ಅಂಪೈರ್ ಯಾರು, ಗಂಟಲು ದೊಡ್ಡದಿದ್ದವನೇ.

ಅಷ್ಟರಲ್ಲಿ ಹಿಂದಿನಿಂದ ಇವಳು ಕೈ ಎತ್ತಿ ಕೂಗಿದಳು: "ತಾಗಿದೆ. ಪಾಯಿಂಟ್ ಅವರದ್ದು." ಶಿಬಿರದಲ್ಲಿ ಹಾಗೇ ಕಲಿಸಿದ್ದರು, ತಮ್ಮ ಕಡೆಯ ತಪ್ಪಿಗೆ ತಾವೇ ಕೈ ಎತ್ತಬೇಕು. ಎದುರಿನವರು ಚಪ್ಪಾಳೆ ತಟ್ಟಿದರು. ಅಣ್ಣ ಸೊಂಟಕ್ಕೆ ಕೈಯಿಟ್ಟು ನನ್ನ ಕಡೆ ತಿರುಗಿದ.

"ದುಡ್ಡು ಕೊಟ್ಟು ಇದನ್ನಾ ಕಲಿಸಿದ್ದು?"