ಅಪ್ಪನ ರಕ್ತ, ಅವ್ವನ ಬಸ್ಸಾರು

ಈ ಕಡೆ ತಲೆ ಹಾಕಿ ಬಹಳ ದಿನಗಳಾದವು. ಅಪ್ಪನ ಕಾಲು, ಆಸ್ಪತ್ರೆ, ರಕ್ತಪರೀಕ್ಷೆ ಅಂತ ಓಡಾಡುವುದರಲ್ಲೇ ತಿಂಗಳುಗಳು ಕಳೆದುಹೋದವು. ಈಗ ಎಲ್ಲಾ ಒಂದು ಹದಕ್ಕೆ ಬಂದಿದೆ. ಹೇಗೆ ಬಂತು ಅನ್ನೋದನ್ನ ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅನ್ನಿಸಿತು. ಹಸಿವಾಗಿದ್ದರೆ ಊಟ ಮುಗಿಸಿಕೊಂಡು ಬಂದು ಓದಿ, ಯಾಕಂದ್ರೆ ಇದರಲ್ಲಿ ಬಸ್ಸಾರಿನ ಮಾತೇ ಜಾಸ್ತಿ :)

ನಮ್ಮ ಮನೆ ಗುತ್ತಲಿನಲ್ಲಿ. ಗುತ್ತಲು ಈಗ ಮಂಡ್ಯ ನಗರದೊಳಗೇ ಸೇರಿಹೋಗಿದ್ದರೂ ನಮ್ಮ ಅಡುಗೆಮನೆ ಮಾತ್ರ ಇನ್ನೂ ಹಳ್ಳಿಯದೇ. ಮಧ್ಯಾಹ್ನ ಮುದ್ದೆ, ವಾರಕ್ಕೆ ಎರಡು ಮೂರು ದಿನ ಬಸ್ಸಾರು. ಗೊತ್ತಿಲ್ಲದವರಿಗೆ ಹೇಳ್ತೀನಿ: ಕಾಳಿನ ಜೊತೆ ಸೊಪ್ಪು ಬೇಯಿಸಿ ನೀರು ಬಸಿದುಕೊಳ್ಳಬೇಕು. ಬೆಂದ ಸೊಪ್ಪು, ಕಾಳು ಪಲ್ಯಕ್ಕೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಆ ನೀರಿಗೆ ನಮ್ಮ ಕಡೆ ಕಟ್ಟು ಅಂತಾರೆ.

ಹೋದ ವರ್ಷ ಅಪ್ಪನ ಎಡಗಾಲಿನ ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿಕೊಂಡಿತು. ಸ್ಕ್ಯಾನ್ ಮಾಡಿಸಿದಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಿಂದ ಕಳಿಸುವಾಗ ವಾರ್ಫರಿನ್ ಮಾತ್ರೆ ಬರೆದುಕೊಟ್ಟು, ಐಎನ್‌ಆರ್ ಅನ್ನುವ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ಒಳಗೇ ಇರಬೇಕು ಅಂದರು. ಕಮ್ಮಿಯಾದರೆ ರಕ್ತ ಮತ್ತೆ ಹೆಪ್ಪುಗಟ್ಟೀತು, ಜಾಸ್ತಿಯಾದರೆ ರಕ್ತಸ್ರಾವ.

ಅಪ್ಪನನ್ನು ನೋಡೋಕೆ ಬಂದ ನೆಂಟರೊಬ್ಬರು ಒಂದು ಡಬ್ಬಿ ಕೊಟ್ಟು ಹೋದರು. ಒಣಗಿಸಿದ ಸೊಪ್ಪಿನ ಪುಡಿಯ ಕ್ಯಾಪ್ಸೂಲ್. ಮೇಲೆ ದೊಡ್ಡದಾಗಿ ‘ಆ್ಯಂಟಿಆಕ್ಸಿಡೆಂಟ್, ರಕ್ತಸಂಚಾರಕ್ಕೆ ಉತ್ತಮ’ ಅಂತ ಬರೆದಿತ್ತು. "ಬರೀ ಸೊಪ್ಪಿಂದಾನೇ ಮಾಡವ್ರಂತೆ ಕಣ್ಲಾ, ಏನೂ ಆಗಾಕಿಲ್ಲ" ಅಂದಳು ಅವ್ವ. ಡಬ್ಬಿ ಸಾಲದು ಅಂತ ನುಗ್ಗೆಸೊಪ್ಪು, ದಂಟಿನಸೊಪ್ಪು ದಿನಾ ಎರಡು ಹೊತ್ತು. "ಹಿಂಗೆ ಸೊಪ್ಪು ಮೇಯಾಕೆ ನಾನೇನು ಎಮ್ಮೆನಾ?" ಅಂತ ಅಪ್ಪ ಗೊಣಗಿದರೂ ತಿಂದರು. ತಪ್ಪು ನನ್ನದೂ ಇದೆ. ಓದಿದವನು ನಾನು, ಒಂದು ಮಾತು ಡಾಕ್ಟರನ್ನು ಕೇಳಲಿಲ್ಲ.

ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 1.3!

"ಊಟದಲ್ಲಿ ಏನಾದ್ರೂ ಬದಲಾಯಿಸಿದ್ರಾ?" ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಸೊಪ್ಪಿನಲ್ಲಿ ವಿಟಮಿನ್ ಕೆ ಧಾರಾಳ. ರಕ್ತ ಹೆಪ್ಪುಗಟ್ಟಲು ಅದು ಬೇಕು, ವಾರ್ಫರಿನ್ ಅದರ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ. ನಾವು ಒಂದು ಕಡೆ ಮಾತ್ರೆ ನುಂಗಿಸಿ, ಇನ್ನೊಂದು ಕಡೆ ಅದನ್ನು ಸೋಲಿಸುವುದನ್ನೇ ಬಡಿಸಿದ್ದೆವು. ಡಬ್ಬಿ ಬಿಟ್ಟುಬಿಡಿ, ಊಟ ಮೊದಲಿನ ಹಾಗೇ ಇರಲಿ ಅಂದರು ಡಾಕ್ಟರ್.

ಅವ್ವನಿಗೆ ಕೇಳಿಸಿದ್ದು ಮಾತ್ರ ‘ಸೊಪ್ಪು’ ಮತ್ತು ‘ಅಪಾಯ’. ಮಾರನೇ ದಿನ ನೋಡಿದರೆ ಬೇಯಿಸಿದ ಸೊಪ್ಪಿನ ಕಟ್ಟನ್ನೆಲ್ಲ ಬಚ್ಚಲಿಗೆ ಸುರಿಯುತ್ತಿದ್ದಳು. ಅವಳು ಕಟ್ಟು ಚೆಲ್ಲಿದ್ದನ್ನು ನಾನು ಕಂಡಿದ್ದು ಅದೇ ಮೊದಲು. "ಸೊಪ್ಪಿನ ಸತ್ವೆಲ್ಲಾ ನೀರ್ಗೆ ಇಳಿದದೆ ಕಣಪ್ಪಾ. ಚೆಲ್ಬುಟ್ರೆ ನಿಮ್ಮಪ್ಪಂಗೆ ತೊಂದ್ರೆ ಇರಾಕಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ತನ್ನ ಕೈಯಾರೆ ಗಂಡನಿಗೆ ಕೆಡುಕು ಮಾಡಿಬಿಟ್ಟೆ ಅನ್ನೋ ಸಂಕಟ.

ಅವತ್ತು ರಾತ್ರಿ ಕೂತು ಓದಿದೆ. ಅವ್ವ ಹೇಳಿದ್ದು ಅರ್ಧ ಸರಿ! ಸತ್ವದಲ್ಲಿ ಒಂದಷ್ಟು ನೀರಿಗೆ ಇಳಿಯುವುದು ನಿಜ, ಆದರೆ ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ. ಅದು ಸೊಪ್ಪಲ್ಲೇ ಉಳಿಯುತ್ತದೆ. ನೀರಿಗೆ ಇಳಿಯುವುದು ವಿಟಮಿನ್ ಸಿ, ನೈಟ್ರೇಟ್, ಪಾಲಿಫಿನಾಲ್‌ಗಳಲ್ಲಿ ಒಂದು ಪಾಲು. ಅಂದರೆ ಅವ್ವ ಇಟ್ಟುಕೊಂಡಿದ್ದು ಹೆದರಿದ್ದನ್ನು, ಚೆಲ್ಲಿದ್ದು ಒಳ್ಳೆಯದನ್ನು.

ಒಳ್ಳೆಯದು ಯಾಕೆ ಅಂದರೆ, ನಮ್ಮ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲವನ್ನು ತಯಾರಿಸುತ್ತದೆ. ಅದು ನಾಳವನ್ನು ಸಡಿಲಿಸಿ ರಕ್ತ ಸರಾಗವಾಗಿ ಹರಿಯುವಂತೆ ಮಾಡುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಸಸ್ಯಗಳ ಕೆಲವು ಪಾಲಿಫಿನಾಲ್‌ಗಳು ಈ ಅನಿಲ ತಯಾರಾಗಲು ನೆರವಾಗುತ್ತವೆ. ಸೊಪ್ಪಿನ ನೈಟ್ರೇಟನ್ನು ನಾಲಿಗೆ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿಕೊಡುತ್ತವೆ, ದೇಹ ಅದರಿಂದಲೂ ಇದೇ ಅನಿಲ ಮಾಡಿಕೊಳ್ಳುತ್ತದೆ.

ಮುದ್ದೆಯೂ ಕಮ್ಮಿಯಿಲ್ಲ. ರಾಗಿಯ ಪಾಲಿಫಿನಾಲ್‌ಗಳು ಹೆಚ್ಚಾಗಿ ಇರುವುದು ಅದರ ಕಂದು ಸಿಪ್ಪೆಯಲ್ಲಿ. ನಾವು ಸಿಪ್ಪೆ ಸಮೇತ ಬೀಸುತ್ತೇವಲ್ಲ, ಅದೇ ಲಾಭ. ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ ದುಡಿದದ್ದು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲೇ ಅನ್ನೋದು ನಮಗೊಂದು ಹೆಮ್ಮೆ.

ಹಾಗಾದರೆ ಡಬ್ಬಿಯಲ್ಲಿ ತುಂಬಿಕೊಟ್ಟರೂ ಅದೇ ಗುಣ ಸಿಗಬೇಕಲ್ಲ? ಸಿಗುತ್ತದೆ ಅಂತ ನಂಬುವ ಹಾಗಿಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಜನರಲ್ಲಿ ವಿಟಮಿನ್ ಇ ಮಾತ್ರೆ ಹೃದಯಾಘಾತವನ್ನಾಗಲೀ ಪಾರ್ಶ್ವವಾಯುವನ್ನಾಗಲೀ ತಡೆಯಲಿಲ್ಲ.

ಮುಂದಿನ ಸಲ ಅವ್ವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಸಮಾಧಾನವಾಗಿ ಹೇಳಿದರು: "ಸೊಪ್ಪು ಬಿಡಬೇಡಿ ಅಮ್ಮಾ. ವಾರವಾರವೂ ಒಂದೇ ಅಳತೆಯಲ್ಲಿರಲಿ. ಗಡ್ಡೆ ಕಟ್ಟದ ಹಾಗೆ ನೋಡಿಕೊಳ್ಳೋದು ಮಾತ್ರೆ ಕೆಲಸ, ಸೊಪ್ಪಿಂದಲ್ಲ."

ಈಗ ನಮ್ಮನೆಯಲ್ಲಿ ಮಂಗಳವಾರ, ಶುಕ್ರವಾರ ಬಸ್ಸಾರು. ಒಂದು ಕಂತೆ ಸೊಪ್ಪು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಹೋದ ತಿಂಗಳು ಅಪ್ಪನ ಐಎನ್‌ಆರ್ 2.4 ಬಂತು. ರಿಪೋರ್ಟ್ ಓದಿ ಹೇಳಿದಾಗ ಅವ್ವ ಏನೂ ಅನ್ನಲಿಲ್ಲ, ಅಪ್ಪನ ಮುದ್ದೆಗೆ ಇನ್ನೊಂದು ಸೌಟು ಬಸ್ಸಾರು ಬಿಟ್ಟಳು. ಆ ಡಬ್ಬಿಯಲ್ಲಿ ಈಗ ಸಾಸಿವೆ ಇದೆ.

ನಿಮ್ಮ ಮನೆಯಲ್ಲಿ ಯಾರಾದರೂ ವಾರ್ಫರಿನ್ ತಗೊಳ್ಳುತ್ತಿದ್ದರೆ, ಊಟ ಬದಲಿಸುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ನಾವು ಕೇಳದೆ ಕೆಟ್ಟೆವು. ಅಂದಹಾಗೆ, ಸೊಪ್ಪು ಬೇಯಿಸಿದ ನೀರನ್ನು ನಿಮ್ಮ ಕಡೆ ಏನು ಮಾಡ್ತೀರಿ? ಚೆಲ್ಲುತ್ತೀರಾ? ಹೇಳಿ, ಅವ್ವನಿಗೆ ಓದಿ ಹೇಳಬೇಕು.